ಎಂಬತ್ತನಾಲ್ಕು

ನಸುಕಿನ ನಾಲ್ಕು ಗಂಟೆ. ಟಿಬಿಲಿಸಿಯ ನಮ್ಮ ಓಣಿಯಲ್ಲಿ
ನಮ್ಮದೊಂದೇ ದೀಪ.
ನುಗ್ಜಾರ್ ಬನಿಯನ್ನಿನಲ್ಲೇ ಹಿಟ್ಟಿನ ಚೀಲ ಬಿಚ್ಚುತ್ತಾನೆ.
ಮೊದಲು ಚೀಲ ಸೀನುತ್ತದೆ,
ಬಳಿಕ ಅವನು.

ಮೂವತ್ತೊಂದು ವರ್ಷದಿಂದ ಇದೇ ಕೆಲಸ:
ಬಾವಿಯಂಥ ಮಣ್ಣಿನ ಒಲೆಯೊಳಗೆ
ಸೊಂಟದವರೆಗೂ ಬಗ್ಗಿ, ತಲೆಕೆಳಗಾಗಿ,
ದೋಣಿಯಾಕಾರದ ಕಣಕವನ್ನು ಕಾದ ಗೋಡೆಗೆ ಬಡಿದು
ಮೇಲೆದ್ದರೆ ಹುಬ್ಬು ಸುಟ್ಟ ವಾಸನೆ, ಒಂದು ನಗು.
ನಮ್ಮ ಮದುವೆಯ ಫೋಟೋದಲ್ಲೂ ಅವನಿಗೆ ಹುಬ್ಬಿಲ್ಲ.

ಆಮೇಲೆ ಒಂದು ಚಳಿಗಾಲ
ಅವನ ಎದೆಯಲ್ಲಿ ಬೆಕ್ಕೊಂದು ಬಂದು ಕೂತಿತು.
ರಾತ್ರಿಯಿಡೀ ಗುರುಗುಟ್ಟಿತು.
ಅಂಗಡಿ ಮುಚ್ಚಿದ ಭಾನುವಾರ ಮಲಗಿತು,
ಸೋಮವಾರ ಮತ್ತೆ ಎದ್ದಿತು.

ಡಾಕ್ಟರ್ ಎತೇರಿ ಮುಂಗೈ ಮೇಲೆ ಸಾಲಾಗಿ ಚುಚ್ಚಿದರು:
ಧೂಳು, ಹುಲ್ಲು, ನಾಯಿಯ ಕೂದಲು. ಚರ್ಮ ಸುಮ್ಮನಿತ್ತು.
ಗೋಧಿಗೆ ಮಾತ್ರ ದದ್ದೆದ್ದಿತು,
ಹಾಜರಿ ಕೂಗಿದಾಗ ಕೈಯೆತ್ತುವ ಹುಡುಗನಂತೆ.

"ಬೇರೆ ಕೆಲಸ ನೋಡಬಾರದೆ?"
"ಮೀನಿಗೆ ನೀರು ಆಗಿಬರಲ್ಲ ಅಂದ ಹಾಗಾಯಿತು."
ಆಗ ಕೊಟ್ಟರು ಆ ಕಂದು ಬಣ್ಣದ ಇನ್ಹೇಲರ್.
ಬೆಳಿಗ್ಗೆ ಎರಡು, ಸಂಜೆ ಎರಡು, ಮುಗಿದೊಡನೆ ಬಾಯಿ ಮುಕ್ಕಳಿಸಬೇಕು.
ಹಿಟ್ಟು ಸುರಿಯುವಾಗ ಮೂಗಿಗೆ ಮಾಸ್ಕು.
ಚೆನ್ನಾಗಿದ್ದರೂ ತಗೊಳ್ಳಿ, ಅಂದರು. ಚೆನ್ನಾಗಿರುವಾಗಲೇ.

ನೀಲಿಯದೆಂದರೆ ಅವನಿಗೆ ಪ್ರೀತಿ.
ಕರೆದರೆ ಓಡಿಬರುವ ಭಾವಮೈದುನ ಅದು;
ಬಂದದ್ದು ಗೊತ್ತಾಗುತ್ತದೆ: ಕೈ ನಡುಗುತ್ತದೆ, ಎದೆ ಬಿಚ್ಚುತ್ತದೆ.
ಕಂದಿನದು ನನ್ನ ಅತ್ತೆಯ ಹಾಗೆ.
ಮೂಲೆಯಲ್ಲಿ ಕೂತು ಏನು ಮಾಡುತ್ತಿದ್ದರೋ ಯಾರಿಗೂ ಕಾಣದು,
ಹೋದ ಮೇಲೆ ತಿಳಿಯಿತು ಈ ಮನೆಗೆ ಎಷ್ಟು ಕೆಲಸವಿತ್ತೆಂದು.

"ತಿಂಗಳಾಯಿತು ಲಾಮಾರಾ, ಇದರಿಂದ ಏನಾಯಿತು ಹೇಳು?"
ಏನೂ ಆಗಲಿಲ್ಲ, ಅಂದೆ.
"ನೋಡಿದೆಯಾ," ಅಂದ, ಗೆದ್ದವನಂತೆ.

ಇನ್ಹೇಲರಿನ ಬೆನ್ನಿಗೊಂದು ಪುಟ್ಟ ಕಿಂಡಿ,
ಅದರಲ್ಲಿ ಉಳಿದದ್ದರ ಲೆಕ್ಕ.
ಲೆಕ್ಕ ನನಗೆ ರೂಢಿ; ಕಿಟಕಿಯಲ್ಲಿ ಕೂತು ರೊಟ್ಟಿ ಮಾರುವವಳು,
ಯಾರ ಸಾಲ ಎಷ್ಟೆಂದು ಬರೆಯದೆ ನೆನಪಿಡುವವಳು.
ಸೋಮವಾರ ಎಂಬತ್ತನಾಲ್ಕು.
ಬುಧವಾರ ಎಂಬತ್ತನಾಲ್ಕು.
ಚಿಕ್ಕಮ್ಮ ತೀರಿಕೊಂಡ ಸುದ್ದಿ ಬಂದ ದಿನ,
ಹಿತ್ತಲಿನ ಪ್ಲಮ್ ಮರ ಹೂಬಿಟ್ಟ ದಿನ,
ಎಂಬತ್ತನಾಲ್ಕು.
ಬಚ್ಚಲಲ್ಲಿ ಮಾತ್ರ ದಿನವೂ ಮುಕ್ಕಳಿಸುವ ಸದ್ದು,
ನನಗೆ ಕೇಳಲೆಂದೇ, ಚೂರು ಜೋರಾಗಿ.

ಬಾಯಾರಿದಾಗ ಬಾವಿ ತೋಡುವವನ ಜೊತೆ ಏನು ಜಗಳ.
ರಾತ್ರಿ ಹನ್ನೊಂದಕ್ಕೆ ಎದ್ದು
ಒಲೆಗೆ ದ್ರಾಕ್ಷಿಬಳ್ಳಿಯ ಕಡ್ಡಿ ತುಂಬಲು ಹೊರಟವನನ್ನು ಕೇಳಿದೆ:
ಈಗ ಯಾರಿಗೆ ರೊಟ್ಟಿ?
"ರೊಟ್ಟಿಗಲ್ಲ. ತಣ್ಣಗಾದ ಒಲೆ ಬೆಳಿಗ್ಗೆ ಮಾತು ಕೇಳಲ್ಲ."
ಹಾಗಾದರೆ, ಅಂದೆ, ಅಷ್ಟಕ್ಕೇ ನಿಲ್ಲಿಸಿದೆ.
ಅವನು ಕಡ್ಡಿ ತುಂಬಿ ಬಂದು ಮಲಗಿದ.
ಉಪಮೆಗಳು ಅವನ ಎದೆಗೆ ಇಳಿಯುವುದಿಲ್ಲ,
ಹಿಟ್ಟು ಇಳಿದ ಹಾಗೆ.

ಗುರುವಾರ, ಒಲೆಯೊಳಗೆ ಬಗ್ಗಿದವನು
ಮೇಲೇಳಲು ತಡಮಾಡಿದ.
ಬೆಲ್ಟು ಹಿಡಿದು ಎಳೆದೆ. ತುಟಿ ಬೂದಿಯ ಬಣ್ಣ.
ನೀಲಿಯದನ್ನು ಒತ್ತಿದೆ, ಮತ್ತೆ ಒತ್ತಿದೆ, ಭಾವಮೈದುನ ಓಡಿಬಂದ,
ಆದರೂ ಆಂಬುಲೆನ್ಸ್ ಬರುವವರೆಗೆ
ಪ್ರತಿ ಉಸಿರನ್ನೂ ಅವನು ಸಾಲ ಕೇಳಿದಂತೆ ಕೇಳಿ ಪಡೆದ.
ಗೋಡೆಗಂಟಿದ ಹನ್ನೆರಡು ರೊಟ್ಟಿ ಕರಕಲಾದವು.

ಮೂರು ದಿನಕ್ಕೆ ಮನೆಗೆ ಬಂದ.
ನಾನು ಕಿಂಡಿಯ ಮಾತೆತ್ತಲಿಲ್ಲ, ಅವನೂ ಎತ್ತಲಿಲ್ಲ.

ಈ ಬೆಳಿಗ್ಗೆ ಕತ್ತಲಲ್ಲಿ ಒಂದು ಬಾರಿ ಪುಸ್ಸೆಂದಿತು.
ತಡೆದು, ಇನ್ನೊಂದು.
ಕಣ್ಣು ಮುಚ್ಚಿಕೊಂಡೇ ಕಳೆದೆ: ಎಂಬತ್ತೆರಡು.
ಮುಕ್ಕಳಿಸುವ ಸದ್ದಿಗೆ ಕಾದೆ.
ಇಲ್ಲ. ಮರೆತಿದ್ದಾನೆ.

ನೀರಿನ ಲೋಟ ಹಿಡಿದು ಎದ್ದೆ.